ಏಕಮಾತ್ರ ಪುತ್ರನ ತಮ್ಮ

ಮಾರ್ಚ್ 3, ಸೋಮವಾರ

ಬೀಗದ ಕಂಪನಿಯವರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಹನ್ನೊಂದನೆಯ ಪುಟದಲ್ಲಿ, 'ನಮ್ಮ ಸಂಸ್ಥಾಪಕರು ತಮ್ಮ ತಂದೆತಾಯಿಗಳ ಏಕಮಾತ್ರ ಪುತ್ರರು' ಎಂದು ಅಚ್ಚಾಗಿದೆ. ಇದು ತಪ್ಪು. ನಾನು ಹದಿನಾರು ವರ್ಷ ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಒಂದೇ ತಂದೆಯ ಇಬ್ಬರು ಹುಡುಗರು ಒಂದೇ ದಿನ, ಒಬ್ಬನ ಕೆಳಗೆ ಇನ್ನೊಬ್ಬನಂತೆ ಸೇರಿಕೊಂಡಿದ್ದಾರೆ. ಮೇಲಿನವನು ಈ ಸಂಸ್ಥಾಪಕ. ಕೆಳಗಿನವನು ಅವನಿಗಿಂತ ಎರಡು ವರ್ಷ ಚಿಕ್ಕವನು, ಲೆಕ್ಕದಲ್ಲಿ ಅವನಿಗಿಂತ ಮುಂದಿದ್ದವನು. ಒಬ್ಬ ಮನುಷ್ಯನಿಗೆ ತಮ್ಮನಿದ್ದನೋ ಇಲ್ಲವೋ ಎಂಬಷ್ಟನ್ನೂ ವಿಚಾರಿಸದೆ ನೂರನಾಲ್ಕು ಪುಟ ತುಂಬಿಸಿದ ಮಹಾನುಭಾವ ಎಲ್ಲಿಯೂ ತನ್ನ ಹೆಸರು ಹಾಕಿಕೊಂಡಿಲ್ಲ. ಅಷ್ಟು ನಾಚಿಕೆಯಾದರೂ ಉಳಿದಿತ್ತಲ್ಲ.

ಈ ಸಂಚಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದವನು ಸಂಸ್ಥಾಪಕರ ಮೊಮ್ಮಗ, ನನ್ನ ಹಳೆಯ ವಿದ್ಯಾರ್ಥಿ. ಯಾವ ವಾಕ್ಯವನ್ನೂ ಕೊನೆ ಮುಟ್ಟಿಸದ ಕಾರಣ ತರಗತಿಯಲ್ಲಿ ಅವನನ್ನು 'ಅರ್ಧವಿರಾಮ' ಎಂದು ಕರೆಯುತ್ತಿದ್ದರು. ಹೆಸರಿಟ್ಟವರು ಹುಡುಗರು, ನಾನು ಆಕ್ಷೇಪಿಸಲಿಲ್ಲ. ಈಗ ಅವನಿಗೆ ನಲವತ್ತಾರು ವರ್ಷ, ಇಪ್ಪತ್ತಮೂರು ಕಂಪನಿಗಳಿಗೆ ಅಧ್ಯಕ್ಷ.

"ಸರ್, ಎಪ್ಪತ್ತೈದು ವರ್ಷ ತುಂಬ್ತಾ ಇದೆ. ಅದಕ್ಕೊಂದು ಪುಸ್ತಕ ಅಂತ, ಈಗಿರೋದು ಅಷ್ಟೊಂದು, ನೀವಾದ್ರೆ ಭಾಷೆ ಎಲ್ಲ..."

"ಭಾಷೆ ಎಲ್ಲ ಏನಪ್ಪಾ? ಮುಗಿಸು."

"ಅದೇ ಸರ್," ಎಂದ.

ಒಪ್ಪಿಕೊಂಡೆ. ಮೂರ್ಖತನವನ್ನು ಅಚ್ಚಿಗೆ ಹೋಗುವ ಮೊದಲು ತಡೆಯುವುದು ಶಿಕ್ಷಕನ ಕರ್ತವ್ಯ. ನಿವೃತ್ತಿಯಿಂದ ಅದು ಮುಗಿಯುವುದಿಲ್ಲ.

ಮಾರ್ಚ್ 6, ಗುರುವಾರ

ಕೇಂದ್ರ ಕಚೇರಿಗೆ ಹೋಗಿದ್ದೆ. ಸಂಸ್ಥೆಯ ಬೆಳವಣಿಗೆಯನ್ನು ಗೋಡೆಯುದ್ದಕ್ಕೂ ಬಣ್ಣದ ಪಟದಲ್ಲಿ ಬರೆಸಿದ್ದಾರೆ. ಮರವೊಂದರ ಚಿತ್ರ, ಕೊಂಬೆಗೊಂದು ಕಂಪನಿ. ಇಷ್ಟು ಬಣ್ಣ ಖರ್ಚು ಮಾಡುವ ಅಗತ್ಯವಿರಲಿಲ್ಲ. ಮೊದಲು ಬೀಗ ಮಾರಿದರು. ಬೀಗ ಹಾಕಲು ಪೆಟ್ಟಿಗೆ ಮಾರಿದರು, ಪೆಟ್ಟಿಗೆ ಇಡಲು ಕಪಾಟು, ಕಪಾಟಿಡಲು ಮನೆ, ಮನೆ ಕಾಯಲು ಕಾವಲುಗಾರ. ಇಷ್ಟಾದ ಮೇಲೂ ಕಳುವಾದರೆ ಇರಲೆಂದು ವಿಮೆ. ಕಳ್ಳನೊಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ಇವರೇ ಒದಗಿಸುತ್ತಾರೆ.

ಪ್ರವೇಶದ್ವಾರದ ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಹಿತ್ತಾಳೆಯ ಬೀಗ. ಕೆಳಗೆ ಫಲಕ: 'ಸಂಸ್ಥಾಪಕರು ಸ್ವಹಸ್ತದಿಂದ ನಿರ್ಮಿಸಿದ ಪ್ರಥಮ ಬೀಗ. ಇಂದಿಗೂ ಯಾರೂ ತೆರೆಯಲಾರದ ಬೀಗ.' ವಿಚಾರಿಸಿದಾಗ ತಿಳಿಯಿತು: ಕಚೇರಿಯನ್ನು ಸ್ಥಳಾಂತರಿಸುವಾಗ ಇದರ ಕೀಲಿ ಕಳೆದುಹೋಗಿದೆ. ಕಳೆದುಕೊಂಡದ್ದನ್ನೇ ಬಿರುದಾಗಿ ಫಲಕಕ್ಕೇರಿಸುವ ಈ ವಿದ್ಯೆಯನ್ನು ನಾನಂತೂ ಕಲಿಸಿರಲಿಲ್ಲ.

ತಮ್ಮನ ಬಗ್ಗೆ ಕೇಳಿದೆ. ಅರ್ಧವಿರಾಮ ಗೋಡೆಯ ಮರವನ್ನು ನೋಡುತ್ತ, "ಅಜ್ಜನಿಗೆ ಯಾರೋ ಒಬ್ಬರು, ಹಳೇ ವರ್ಕ್‌ಶಾಪ್ ಕಡೆ ಅಂತ, ನಂಗೂ ಅಷ್ಟೊಂದು..." ಎಂದ. ಆ ಮರದಲ್ಲಿ ಇನ್ನೊಂದು ಕೊಂಬೆಗೆ ಸ್ಥಳ ಧಾರಾಳವಾಗಿತ್ತು.

ಮಾರ್ಚ್ 15, ಶನಿವಾರ

ಹಳೆಯ ಕಾರ್ಖಾನೆಯನ್ನು ಹುಡುಕಿಕೊಂಡು ಹೋದೆ. ಕಬ್ಬಿಣದಂಗಡಿಗಳ ಓಣಿಯ ಕೊನೆಯಲ್ಲಿ ಹೆಂಚಿನ ಒಂದು ಕೋಣೆ. ಲೋಹವನ್ನು ಕಚ್ಚಿ ಹಿಡಿಯಲು ಬೆಂಚಿಗೆ ಬಿಗಿದ ವೈಸು, ಗೋಡೆಯ ಮೊಳೆಗಳಲ್ಲಿ ಸಾಲಾಗಿ ಅರಗಳು, ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಲಿಗಳು. ಬೆಂಚಿನ ಹಿಂದೆ ಅರವತ್ತಾರರ ಹೆಂಗಸು. ಓಣಿಯವರು ಆಕೆಯನ್ನು ಕೀಲಿಯಮ್ಮ ಎನ್ನುತ್ತಾರೆ. ಸಂಸ್ಥಾಪಕರ ತಮ್ಮನ ಮಗಳು. ಹಿಂದಿನ ಕಿರುಕೋಣೆಯಲ್ಲಿಯೇ ವಾಸ.

"ನಮ್ಮಪ್ಪ ಮಾಡೋರು, ದೊಡ್ಡಪ್ಪ ಮಾರೋರು. ಅಷ್ಟೇ ಕಥೆ ಮೇಷ್ಟ್ರೇ. ನಿಮಗೆ ಇನ್ನೂರು ಪುಟ ಯಾಕೆ ಬೇಕೋ ನಂಗೊತ್ತಿಲ್ಲ."

"ಬೇರೆಯಾದದ್ದು ಏಕೆ?"

"ದೊಡ್ಡಪ್ಪಂಗೆ ದಿನಕ್ಕೆ ನೂರು ಬೀಗ ಬೇಕಿತ್ತು. ಹನ್ನೆರಡೇ ಥರ ಕೀಲಿ ಮಾಡು, ಅದನ್ನೇ ತಿರುಗಿಸಿ ಮುರುಗಿಸಿ ಹಾಕು, ಪಕ್ಕದ ಮನೆ ಕೀಲಿ ತಂದು ತನ್ನ ಬೀಗಕ್ಕೆ ಹಾಕಿ ನೋಡೋನು ಯಾವನು ಅಂದ್ರಂತೆ. ಅಪ್ಪ ಒಪ್ಪಲಿಲ್ಲ. ಒಂದು ಬೀಗಕ್ಕೆ ಒಂದೇ ಕೀಲಿ ಅಂದ್ರು. ಅವರು ಹೋಗಿ ಕಾರ್ಖಾನೆ ಕಟ್ಟಿದ್ರು. ಇವರು ಇಲ್ಲೇ ಕೂತ್ರು."

ಈಗ ಸಂಸ್ಥೆಯವರಿಗೆ ಈ ಕೋಣೆ ಬೇಕಾಗಿದೆ. ಸಂಸ್ಥಾಪಕರ ಸ್ಮಾರಕ ಮಾಡುತ್ತಾರಂತೆ. ಪುರಸಭೆ ಎಪ್ಪತ್ತೈದು ವರ್ಷಗಳ ಹಿಂದೆ ಕೊಟ್ಟ ಪತ್ರವನ್ನು ಆಕೆ ತೋರಿಸಿದಳು. 'ಇಲ್ಲಿ ಬೀಗದ ಕಾರ್ಖಾನೆ ಸ್ಥಾಪಿಸಿದವರಿಗೂ ಅವರ ಸಂತತಿಗೂ' ಎಂದಿದೆ. ಹೆಸರುಗಳಿಲ್ಲ. ಎರಡು ಹೆಸರು ಬರೆಯಲು ಸೋಮಾರಿತನ ಮಾಡಿದ ಆ ಗುಮಾಸ್ತನನ್ನು ಎಷ್ಟು ಬೈದರೂ ಸಾಲದು. ಸ್ಥಾಪಿಸಿದವನು ಒಬ್ಬನೆಂದಾದರೆ ಆಕೆ ಬೀದಿಗೆ. ಇಬ್ಬರೆಂದಾದರೆ ಆಕೆಯನ್ನು ಯಾರೂ ಅಲುಗಾಡಿಸಲಾರರು.

"ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಸಾಕು," ಎಂದಳು. "ಇಬ್ಬರು ಅಂತ."

ಅದು ಸತ್ಯವಾದ್ದರಿಂದ ಬಂದೇ ಬರುತ್ತದೆ ಎಂದು ಹೇಳಿ ಬಂದೆ.

ಸಂಜೆ ಪಕ್ಕದ ಮನೆಯವರು ಹೊರಗೆ ಹೋಗಿದ್ದರು. ಅವರದೂ ನಮ್ಮದೂ ಈ ಸಂಸ್ಥೆಯದೇ ಬೀಗ. ನಮ್ಮ ಕೀಲಿಯನ್ನು ಅವರ ಬೀಗಕ್ಕೆ ಹಾಕಿ ನೋಡಿದೆ. ತೆರೆಯಿತು.

ಕಾಂಪೌಂಡಿನಿಂದ ನನ್ನ ಹೆಂಡತಿ, "ಏನ್ರೀ, ಪೆನ್ಷನ್ ಸಾಲ್ದೆ ಕಳ್ಳತನಕ್ಕೆ ಇಳಿದ್ರಾ?" ಎಂದಳು.

ಸಂಶೋಧನೆ ಎಂದೆ. ಮತ್ತೆ ಬೀಗ ಹಾಕಿ ಬಂದೆ.

ಮಾರ್ಚ್ 28, ಶುಕ್ರವಾರ

ಇಂದಿನದನ್ನು ವಿವರವಾಗಿ ದಾಖಲಿಸಬೇಕು.

ಬೀಗ ಮಾಡುವವರು ಮುಚ್ಚಳದ ತಗಡಿನ ಒಳಮೈಯಲ್ಲಿ ಅರದಿಂದ ತಮ್ಮ ಗುರುತು ಹಾಕುತ್ತಾರೆಂದೂ ಅದು ಕೊಂಡವನ ಕಣ್ಣಿಗೆ ಬೀಳದೆಂದೂ ಬಿಚ್ಚಿ ರಿಪೇರಿ ಮಾಡುವವನಿಗೆ ಮಾತ್ರ ಕಾಣುವುದೆಂದೂ ಕೀಲಿಯಮ್ಮ ಹೇಳಿದ್ದಳು. ಆಕೆಯ ತಂದೆಯ ಗುರುತು ಕಾಗೆಯ ಕಾಲು: ಒಂದು ಬಿಂದುವಿನಿಂದ ಕವಲೊಡೆದ ಮೂರು ಗೀಟು. ಹಾಗಾದರೆ ಗಾಜಿನ ಪೆಟ್ಟಿಗೆಯ ಬೀಗವನ್ನು ತೆರೆದು ನೋಡುವುದೇ ಕ್ರಮ. ತೆರೆದ ಬೀಗದ ಛಾಯಾಚಿತ್ರ ಪುಸ್ತಕಕ್ಕೆ ಶೋಭೆ ಎಂದು ಅರ್ಧವಿರಾಮನಿಗೆ ಹೇಳಿದೆ. ಅವನು ಕುಣಿದಾಡಿದ.

ಬೆಳಿಗ್ಗೆ ಅವರದೇ ಕಾರ್ಖಾನೆಯ ಇಂಜಿನಿಯರು ಇಬ್ಬರು ಸಹಾಯಕರೊಡನೆ ಬಂದು ಎರಡು ಗಂಟೆ ಹೆಣಗಿದರು. ದೀಪ, ಭೂತಗನ್ನಡಿ, ಕಂಪ್ಯೂಟರು. ಬೀಗ ಮಿಸುಕಲಿಲ್ಲ. ಕೊನೆಗೆ ನನ್ನ ಸಲಹೆಯ ಮೇರೆಗೆ ಕೀಲಿಯಮ್ಮನನ್ನು ಕರೆಸಿದರು. ಆಕೆ ಬೀಗವನ್ನು ಕಿವಿಗೆ ಹಿಡಿದು ತಂತಿಯಿಂದ ಒಳಗೆಲ್ಲ ತಡಕಿದಳು. ಚೀಲದಿಂದ ಹಲ್ಲಿಲ್ಲದ ಕೀಲಿ ತೆಗೆದು ಅರ ಹಿಡಿದಳು.

"ಸಾಹೇಬ್ರೇ, ಸ್ವಲ್ಪ ಬೆಳಕು ಬಿಡಿ," ಎಂದಳು ಇಂಜಿನಿಯರಿಗೆ. "ಇದು ನಿಮ್ಮ ಹನ್ನೆರಡರಲ್ಲಿ ಬರಲ್ಲ."

ಇಪ್ಪತ್ತು ನಿಮಿಷಕ್ಕೆ ಬೀಗ ತೆರೆಯಿತು. ಮುಚ್ಚಳದ ತಗಡು ಬಿಚ್ಚಿದಾಗ ಒಳಮೈಯಲ್ಲಿ ಮೂರು ಗೀಟು, ಒಂದು ಬಿಂದುವಿನಿಂದ. ಆಕೆ ತನ್ನ ತಂದೆ ಕೊನೆಯ ವರ್ಷ ಮಾಡಿದ ಬೀಗವನ್ನು ತಂದಿದ್ದಳು. ಅದನ್ನೂ ಬಿಚ್ಚಿ ಪಕ್ಕದಲ್ಲಿಟ್ಟಳು. ಒಂದೇ ಕೈ. ಅಕ್ಷರ ಗುರುತಿಸುವುದರಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

"ಏನೋ ಗೀಚಿದ ಹಾಗಿದೆ ಅಲ್ವಾ ಸರ್, ಹಳೇ ಹಿತ್ತಾಳೆ ಅಂದ್ರೆ..."

"ಗೀಚಿದ್ದಲ್ಲಪ್ಪ. ಸಹಿ," ಎಂದೆ.

ಅರ್ಧವಿರಾಮ ಛಾಯಾಗ್ರಾಹಕನಿಗೆ ಸನ್ನೆ ಮಾಡಿದ. ಚಿತ್ರ ತೆಗೆಯಲಿಲ್ಲ.

ಏಪ್ರಿಲ್ 9, ಬುಧವಾರ

ನನಗೆ ಕಚೇರಿಯ ಮೂರನೆಯ ಮಹಡಿಯಲ್ಲಿ ಪ್ರತ್ಯೇಕ ಕೋಣೆ ಕೊಟ್ಟಿದ್ದಾರೆ. ಬಾಗಿಲಿಗೆ 'ಸಂಸ್ಥೆಯ ಇತಿಹಾಸಕಾರರು' ಎಂಬ ಫಲಕ; ಒಂದೂ ದೋಷವಿಲ್ಲ. ಕರೆದೊಯ್ಯಲು ಕಾರು ಬರುತ್ತದೆ. ಮೆಟ್ಟಿಲಲ್ಲಿ ಎದುರಾದವರು ಬದಿಗೆ ಸರಿದು ನಿಲ್ಲುತ್ತಾರೆ. ಶಾಲೆಯಲ್ಲಿ ಕೊನೆಯ ಹತ್ತು ವರ್ಷ ಈ ಶಿಸ್ತು ಇರಲಿಲ್ಲ.

ಮಧ್ಯಾಹ್ನ ವಕೀಲರು ಬಂದರು. ಮನೆತನದ ವಕೀಲರು, ತೂಕವಾಗಿ ಮಾತಾಡುವವರು.

"ಮೇಷ್ಟ್ರೇ, ಕಾಗೆ ಕಾಲು ಅಪ್ಪಂದೇ ಅಂತ ಹೇಳ್ತಿರೋದು ಯಾರು? ಮಗಳು. ಮಗಳಿಗೆ ಜಾಗ ಬೇಕು. ಅಣ್ಣ ಮಾಡಿದ ಬೀಗದ ಮೇಲೆ ತಮ್ಮ ಗೀಟು ಹಾಕಿರಬಹುದು. ಅಣ್ಣಂದೇ ಗುರುತನ್ನ ತಮ್ಮ ಆಮೇಲೆ ಇಟ್ಕೊಂಡಿರಬಹುದು. ಖಚಿತ ಇಲ್ಲದ್ದನ್ನ ಬರೀಬೇಡಿ ಅಂತ ತಾನೆ ನೀವು ಮಕ್ಕಳಿಗೆ ಹೇಳಿಕೊಟ್ಟಿದ್ದು?"

ವಾದ ತರ್ಕಬದ್ಧವಾಗಿದೆ ಎಂಬುದನ್ನು ಒಪ್ಪಲೇಬೇಕು.

ಆ ಬಳಿಕ ಅಧ್ಯಕ್ಷರು ಬಂದು, ನಾನು ಇಪ್ಪತ್ತೆರಡು ವರ್ಷ ಬರೆದ 'ಶುದ್ಧ ಲೇಖನ' ಹಸ್ತಪ್ರತಿಯ ವಿಷಯ ಕೇಳಿದರು. ಮೂವರು ಪ್ರಕಾಶಕರು ಅದನ್ನು ಹಿಂದಿರುಗಿಸಿದ್ದು ಅವರಿಗೆ ಹೇಗೆ ತಿಳಿಯಿತೋ. "ಸರ್, ಈ ಪುಸ್ತಕದ ಜೊತೆಗೇ ಅದನ್ನೂ ಐದು ಸಾವಿರ ಪ್ರತಿ ಮಾಡಿಸಿ ಎಲ್ಲ ಶಾಲೆಗಳಿಗೂ ಕಳಿಸ್ತೀವಿ," ಎಂದರು.

ಪೂರ್ಣ ವಾಕ್ಯ. ಮೂವತ್ತನಾಲ್ಕು ವರ್ಷಗಳಲ್ಲಿ ಮೊದಲನೆಯದು.

ಏಪ್ರಿಲ್ 10, ಗುರುವಾರ

ಹಸ್ತಪ್ರತಿಯನ್ನು ಅಟ್ಟದಿಂದ ಇಳಿಸಿದೆ. ಧೂಳು ಹೊಡೆದು ಕೊಡುತ್ತ ನನ್ನ ಹೆಂಡತಿ, "ಅಲ್ಲ ರೀ, ಆ ಹೆಂಗಸಿನ ಸಾಲು ಬರೆದಾಯ್ತಾ?" ಎಂದು ಕೇಳಿದಳು. ಇತಿಹಾಸ ಬರೆಯುವುದೆಂದರೆ ಒಗ್ಗರಣೆ ಹಾಕಿದಂತಲ್ಲ ಎಂದೆ. ಆಕೆ ಒಳಗೆ ಹೋದಳು.

ಏಪ್ರಿಲ್ 25, ಶುಕ್ರವಾರ

ಮೂರನೆಯ ಅಧ್ಯಾಯ ಸಿದ್ಧವಾಯಿತು. ಪ್ರಥಮ ಬೀಗದ ಒಳಮೈಯಲ್ಲಿ 'ಕಾಲಾಂತರದ ಸವಕಳಿಯಿಂದ ಉಂಟಾದ ಕೆಲವು ಗೆರೆಗಳು' ಎಂದು ಬರೆದೆ. ಹಿತ್ತಾಳೆ ಸವೆಯುವುದು ನಿಜವೇ. 'ಏಕಮಾತ್ರ ಪುತ್ರ' ಎಂಬುದನ್ನು ಕಿತ್ತುಹಾಕಿದೆ, ಏಕೆಂದರೆ ಅದು ಸುಳ್ಳು. ಆ ಸ್ಥಳದಲ್ಲಿ 'ಸಂಸ್ಥಾಪಕರು ಏಕಾಂಗಿಯಾಗಿ ಈ ಸಾಹಸಕ್ಕೆ ಮುಂದಾದರು' ಎಂದಿದೆ. ತಮ್ಮನಿದ್ದವನೂ ಏಕಾಂಗಿಯಾಗಿರಬಹುದು.

ಕೀಲಿಯಮ್ಮ ಎರಡು ಬಾರಿ ಕಚೇರಿಗೆ ಬಂದು ಕೆಳಗೆ ಕಾದಿದ್ದಳಂತೆ. ಈ ವರ್ಗದ ಜನಕ್ಕೆ ಗ್ರಂಥರಚನೆಯ ಕಷ್ಟ ತಿಳಿಯದು. ಪ್ರತಿಯೊಬ್ಬರೂ ತಮ್ಮ ಅಪ್ಪನ ಹೆಸರನ್ನು ಹಿಡಿದು ಬಂದರೆ ಪುಸ್ತಕ ಜನಗಣತಿಯಾಗುತ್ತದೆ. ಉಗುರಿನ ಸಂದಿನಲ್ಲಿ ಲೋಹದ ಪುಡಿ ತುಂಬಿದ ಬೆರಳನ್ನು ನನ್ನ ಕರಡಿನ ಮೇಲೆ ಇಡುವುದನ್ನು ನಾನು ಸಹಿಸಲಾರೆ.

ಮೇ 12, ಸೋಮವಾರ

ಮನೆಗೇ ಬಂದಳು. ನನ್ನ ಹೆಂಡತಿ ಒಳಗೆ ಕರೆದು ಕೂರಿಸಿ ನೀರು ಕೊಟ್ಟಿದ್ದಳು. ನಾನು ಬರುವಷ್ಟರಲ್ಲಿ ಇಬ್ಬರೂ ನಮ್ಮ ಹಿತ್ತಲ ಬಾಗಿಲಿನ ಅಗುಳಿಯನ್ನು ಬಿಚ್ಚಿ ನೆಲದ ಮೇಲೆ ಹರಡಿಕೊಂಡಿದ್ದರು.

"ಎಣ್ಣೆ ಕಾಣದೆ ಎಷ್ಟು ವರ್ಷ ಆಯ್ತು ಮೇಷ್ಟ್ರೇ ಇದು? ಪಾಪ, ಒದರ್ತಾ ಇದೆ."

"ನೀವು ಬಂದ ಕಾರಣ?"

"ಪುಸ್ತಕ ಅಚ್ಚಿಗೆ ಹೋಯ್ತಂತೆ. ಸಾಲು ಇದೆಯಾ ಕೇಳೋಣ ಅಂತ."

ಆಧಾರಗಳು ಸಾಲವು, ಪರಸ್ಪರ ವಿರೋಧದ ಸಾಧ್ಯತೆಗಳಿವೆ, ಇತಿಹಾಸಕಾರನು ನಿಷ್ಪಕ್ಷಪಾತಿಯಾಗಿರಬೇಕು ಎಂದು ಕ್ರಮವಾಗಿ ವಿವರಿಸಿದೆ. ಆಕೆ ಅಗುಳಿಗೆ ತಿರುಪು ಹಾಕುತ್ತ ಪೂರ್ತಿ ಕೇಳಿದಳು.

"ಅಂದ್ರೆ ಇಲ್ಲ," ಎಂದಳು.

"ಹಾಗೆಂದು ನಾನು ಹೇಳಲಿಲ್ಲ."

"ಅಷ್ಟು ಉದ್ದ ಹೇಳಿದ್ರಲ್ಲ, ಅದಕ್ಕೆ ಗೊತ್ತಾಯ್ತು. ಮೊದಲ್ನೇ ದಿನ 'ಬಂದೇ ಬರುತ್ತೆ' ಅಂತ ಎರಡೇ ಮಾತಲ್ಲಿ ಮುಗಿಸಿದ್ರಿ."

ಉದ್ಧಟತನ. ಅಗುಳಿಯನ್ನು ಬಾಗಿಲಿಗೆ ಕೂರಿಸಿ, ಹಣ ಕೊಡಹೋದ ನನ್ನ ಹೆಂಡತಿಯ ಕೈಯನ್ನು ಮಡಿಸಿ ಹೊರಟುಹೋದಳು. ನನ್ನ ಹೆಂಡತಿ ಆಮೇಲೆ ನನ್ನೊಡನೆ ಊಟಕ್ಕೆ ಕೂರಲಿಲ್ಲ, ಹಸಿವಿಲ್ಲವಂತೆ.

ಅಗುಳಿ ಸದ್ದಿಲ್ಲದೆ ಸರಿಯುತ್ತದೆ.

ಮೇ 30, ಶುಕ್ರವಾರ

ಪುಸ್ತಕ ಬಂದಿದೆ. ಇನ್ನೂರ ಹದಿನೆಂಟು ಪುಟ. ಮುಖಪುಟದಲ್ಲಿ ನನ್ನ ಹೆಸರು, ಅದರ ಕೆಳಗೆ ನನ್ನ ಪದವಿಗಳು. ಎರಡು ಬಾರಿ ಓದಿದೆ. ಒಂದು ಅಚ್ಚಿನ ದೋಷವೂ ಸಿಗಲಿಲ್ಲ. ಮೂರನೆಯ ಅಧ್ಯಾಯವನ್ನು ಎರಡನೆಯ ಸಲ ಓದುವಾಗ ಕಣ್ಣು ನೋಯುತ್ತಿದ್ದುದರಿಂದ ಬಿಟ್ಟೆ.

ವಕೀಲರು ಕೀಲಿಯಮ್ಮನಿಗೆ ತೆರವಿನ ನೋಟಿಸು ಕಳಿಸಿದ್ದಾರೆ. ಅದರಲ್ಲಿ ಆಧಾರವಾಗಿ ನಮ್ಮ ಗ್ರಂಥದ ನಲವತ್ತೊಂದನೆಯ ಪುಟವನ್ನೇ ಉಲ್ಲೇಖಿಸಿದ್ದಾರೆ. ಜೂನ್ ನಾಲ್ಕರಂದು ಆಕೆ ಕೋಣೆಯ ಕೀಲಿಯನ್ನು ಒಪ್ಪಿಸಬೇಕು. ಸಾಕ್ಷಿಯಾಗಿ ನಾನೂ ಇದ್ದರೆ ಗೌರವ ಎಂದರು.

ಇರುತ್ತೇನೆ ಎಂದೆ. ಏಕೆ ಹಾಗೆಂದೆನೋ ತಿಳಿಯದು.

ಜೂನ್ 4, ಬುಧವಾರ

ವಕೀಲರೂ ನಾನೂ ಹತ್ತೂವರೆಗೆ ಓಣಿ ತಲುಪಿದೆವು. ಅರಗಳು ಮೊಳೆಗಳಲ್ಲಿರಲಿಲ್ಲ, ಗೋಡೆಯ ಮೇಲೆ ಅವುಗಳ ಆಕಾರದ ಬಿಳಿಯ ಗುರುತುಗಳು ಮಾತ್ರ ಉದ್ದದ ಪ್ರಕಾರ ಸಾಲಾಗಿದ್ದವು. ಕೀಲಿಯಮ್ಮ ಬಾಗಿಲಿಗೆ ಬೀಗ ಹಾಕಿ, ಹೊರಗೆ ಎಳೆದಿಟ್ಟ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಎರಡು ಗೋಣಿಚೀಲ. ಕೀಲಿ ಅಂಗೈಯಲ್ಲಿತ್ತು. ಅಳುತ್ತಾಳೆ, ಕೂಗಾಡುತ್ತಾಳೆ ಎಂದು ವಕೀಲರು ದಾರಿಯುದ್ದಕ್ಕೂ ಹೆದರಿಸಿದ್ದರು. ಅದೇನೂ ಆಗಲಿಲ್ಲ.

"ರಶೀದಿ ಕೊಡಿ," ಎಂದಳು. "ಯಾರಿಂದ, ಏನು, ಎಷ್ಟು ಹೊತ್ತಿಗೆ ತಗೊಂಡ್ರಿ ಅಂತ. ಹಂಗೇ ಕೊಡೋಕೆ ಇದೇನು ಕಡಲೆಕಾಯಿ ಅಲ್ಲ."

ವಕೀಲರು ನಕ್ಕು, ಸಂಸ್ಥೆಯ ಶಿರೋನಾಮೆಯ ಕಾಗದವನ್ನು ಚೀಲದಿಂದ ತೆಗೆದರು. "ಮೇಷ್ಟ್ರೇ, ನೀವೇ ಬರೆದುಬಿಡಿ. ನಿಮ್ಮ ಅಕ್ಷರ ಮುತ್ತಿನ ಹಾಗೆ."

ಬೆಂಚಿನ ಮೇಲೆ ಕಾಗದ ಇಟ್ಟು ಬರೆಯತೊಡಗಿದೆ. 'ಈ ದಿನ ಈ ಕಟ್ಟಡದ ಕೀಲಿಯನ್ನು' ಎಂಬವರೆಗೆ ಲೇಖನಿ ಸರಾಗವಾಗಿ ಓಡಿತು. ಮುಂದೆ ಯಾರಿಂದ ಎಂದು ಬರೆಯಬೇಕು.

"ಕೀಲಿಯಮ್ಮ ಅಂತ ಹಾಕಿ, ಸಾಕು," ಎಂದರು ವಕೀಲರು.

ಓಣಿಯ ಅಡ್ಡಹೆಸರಿನಿಂದ ರಶೀದಿ ಬರೆಯುವ ಪದ್ಧತಿ ಎಲ್ಲಿಯೂ ಇಲ್ಲ ಎಂದೆ. ಆಕೆಯ ಕಡೆ ತಿರುಗಿ, ಯಾರ ಮಗಳೆಂದು ಬರೆಯಲಿ ಎಂದು ಕೇಳಿದೆ.

"ನನ್ನನ್ಯಾಕೆ ಕೇಳ್ತೀರಿ ಮೇಷ್ಟ್ರೇ," ಎಂದಳು. "ನಿಮಗೆ ಗೊತ್ತಿರೋದನ್ನೇ ಬರೀರಿ."

ಮೂವತ್ತೆಂಟು ವರ್ಷ ನಾನು ವರ್ಗಾವಣೆ ಪತ್ರಗಳನ್ನು ಬರೆದಿದ್ದೇನೆ. ಪೋಲಿ ಮಕ್ಕಳವು, ದಡ್ಡ ಮಕ್ಕಳವು, ಕುಡುಕರ ಮಕ್ಕಳವು, ಮನೆ ಬಿಟ್ಟು ಓಡಿಹೋದವರ ಮಕ್ಕಳವು. 'ತಂದೆ' ಎಂಬ ಅಂಕಣವನ್ನು ಯಾರ ಅನುಕೂಲಕ್ಕಾಗಿಯೂ ಬದಲಿಸಿದವನಲ್ಲ. ಬರೆದೆ. ಬರೆದದ್ದನ್ನು ಯಥಾವತ್ತಾಗಿ ಇಲ್ಲಿ ಇಳಿಸುತ್ತೇನೆ:

'ಈ ದಿನ ಈ ಕಟ್ಟಡದ ಕೀಲಿಯನ್ನು, ಇದೇ ಕಟ್ಟಡದಲ್ಲಿ ಬೀಗದ ಕಾರ್ಖಾನೆಯನ್ನು ಸ್ಥಾಪಿಸಿದ ಇಬ್ಬರು ಅಣ್ಣತಮ್ಮಂದಿರ ಪೈಕಿ ತಮ್ಮನೂ, ಸಂಸ್ಥೆಯ ಪ್ರಥಮ ಬೀಗವನ್ನು ತನ್ನ ಕೈಯಿಂದ ಮಾಡಿ ಒಳಗೆ ತನ್ನ ಗುರುತು ಹಾಕಿದವನೂ ಆದವನ ಮಗಳಿಂದ ಪಡೆಯಲಾಗಿದೆ. ಗುರುತನ್ನು ನಾನು ಕಣ್ಣಾರೆ ಕಂಡಿದ್ದೇನೆ.'

ಸಹಿ ಹಾಕಿ, ಕೆಳಗೆ 'ಸಂಸ್ಥೆಯ ಇತಿಹಾಸಕಾರ' ಎಂದು ಪದನಾಮ ಬರೆದೆ. ಪದನಾಮವಿಲ್ಲದ ಸಹಿ ಅಪೂರ್ಣ.

ವಕೀಲರು ಓದಿದರು, ಮತ್ತೊಮ್ಮೆ ಓದಿದರು.

"ಏನ್ ಮಾಡಿಬಿಟ್ರಿ ಮೇಷ್ಟ್ರೇ? ನಿಮ್ಮ ಗ್ರಂಥದಲ್ಲೇ ಸಂಸ್ಥಾಪಕರು ಏಕಾಂಗಿ ಅಂತ ಇದೆಯಲ್ಲ."

"ಅದು ಗ್ರಂಥ. ಇದು ರಶೀದಿ," ಎಂದೆ.

ಅವರು ಕಾಗದಕ್ಕೆ ಕೈ ಚಾಚುವಷ್ಟರಲ್ಲಿ ಅದು ಕೀಲಿಯಮ್ಮನ ಕೈಯಲ್ಲಿತ್ತು. ಆಕೆ ತುಟಿ ಅಲುಗಿಸುತ್ತ ಕೊನೆಯವರೆಗೂ ಓದಿದಳು. ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಬಳಿಕ ಕೀಲಿಯನ್ನು ಬೆಂಚಿನ ಮೇಲೆ ವಕೀಲರ ಮುಂದೆ ಸರಿಸಿದಳು.

"ತಗೊಳ್ಳಿ ಸ್ವಾಮಿ. ರಶೀದಿ ಸಿಕ್ತಲ್ಲ, ಇನ್ನೇನು."

ವಕೀಲರು ಕೀಲಿಯನ್ನು ಮುಟ್ಟಲಿಲ್ಲ. ಮುಟ್ಟಿದರೆ ರಶೀದಿಯನ್ನು ಒಪ್ಪಿದಂತೆ. ಕುಲುಮೆಯಿಂದ ಈಗತಾನೆ ತೆಗೆದ ಕಬ್ಬಿಣವೋ ಎಂಬಂತೆ ಅದನ್ನು ನೋಡುತ್ತ ನಿಂತರು. ಫೋನು ತೆಗೆದು ಅರ್ಧವಿರಾಮನಿಗೆ ಹೇಳಿದರು. ಆ ಕಡೆಯಿಂದ ಬಂದ ಉತ್ತರ, ಅದರ ಸ್ವಭಾವದಂತೆ, ಎಲ್ಲಿಗೂ ತಲುಪಿದಂತೆ ಕಾಣಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಕಾರು ಹತ್ತಿ ಹೋದರು. ಕಾರು ನಮ್ಮಿಬ್ಬರಿಗೂ ಸೇರಿ ಬಂದಿತ್ತು ಎಂಬುದು ಅವರಿಗೆ ನೆನಪಿರಲಿಲ್ಲ.

ಆಗ ನನಗೆ ಹೊಳೆಯಿತು: ರಶೀದಿಯಲ್ಲಿ 'ಪಡೆಯಲಾಗಿದೆ' ಎಂದಿದೆ. ಕೀಲಿ ಬೆಂಚಿನ ಮೇಲೆಯೇ ಇದೆ. ದಾಖಲೆ ಅಸತ್ಯವಾಯಿತು. ಅದನ್ನು ಹಿಂದಿರುಗಿಸಲು ಕೀಲಿಯಮ್ಮನನ್ನು ಕೇಳಿದೆ.

ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಕೊಡಲ್ಲ."

"ತಿದ್ದಬೇಕು, ಅಷ್ಟೇ. ನಿಮ್ಮ ಕೈಯಲ್ಲಿಯೇ ಹಿಡಿದುಕೊಳ್ಳಿ."

ನನ್ನ ಮುಖ ನೋಡಿದಳು. ಕಾಗದ ಬಿಡಿಸಿ, ಎರಡು ತುದಿಗಳನ್ನೂ ಹೆಬ್ಬೆರಳಿನಿಂದ ಬೆಂಚಿಗೆ ಒತ್ತಿ ಹಿಡಿದಳು. ಆ ಉಗುರುಗಳ ನಡುವೆ ಲೇಖನಿ ಊರಿ 'ಪಡೆಯಲಾಗಿದೆ' ಎಂಬುದನ್ನು ಹೊಡೆದು, 'ನೀಡಲಾಯಿತು. ಸಂಸ್ಥೆಯವರು ಸ್ವೀಕರಿಸದೆ ಹೋದುದರಿಂದ ಈಕೆಯ ಬಳಿಯೇ ಉಳಿದಿದೆ' ಎಂದು ಬರೆದು, ತಿದ್ದುಪಡಿಗೂ ಸಹಿ ಮಾಡಿದೆ.

ಓಣಿಯವನೊಬ್ಬ ತುಕ್ಕು ಹಿಡಿದ ಬೀಗ ಹಿಡಿದು ಬಂದು ನಿಂತಿದ್ದ. "ತಡಿ, ಬಾಗಿಲು ತೆಗೀತೀನಿ," ಎಂದು ಆಕೆ ಕೀಲಿ ಎತ್ತಿಕೊಂಡಳು. ಬೆಂಚಿನ ಒಂದು ತುದಿ ಹಿಡಿದು, "ಮೇಷ್ಟ್ರೇ, ಆ ಕಡೆ ಸ್ವಲ್ಪ ಎತ್ತಿ," ಎಂದಳು. ಎತ್ತಿದೆ. ಇಬ್ಬರೂ ಸೇರಿ ಒಳಗಿಟ್ಟೆವು.

ಮನೆಗೆ ನಡೆದು ಬಂದೆ. ತಿದ್ದಿದಾಗ ಸಮಯ ಹಾಕಿದ್ದು ನೆನಪಿದೆ. ಇಲ್ಲಿಯೂ ಅದನ್ನೇ ನಮೂದಿಸುತ್ತೇನೆ.

ಜೂನ್ 4, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ.